ಈ ಕತೆ ಯಾವ ಊರಲ್ಲಾಗಲಿ

ಲ್ಯಾಮಿನೇಟಿಂಗ್ ಮಶೀನಿನ ಬಾಯಿಂದ ನದಿ ಬೆಚ್ಚಗೆ ಹೊರಬರುತ್ತಿತ್ತು. ನಾಲ್ಕನೇ ಕ್ಲಾಸಿನ ಮಕ್ಕಳು ಬಳಿದ ನದಿ. ಕೆಲವರದು ನೀಲಿ, ಕೆಲವರದು ಹಸಿರು, ಟೆಸ್ಸಾಳದು ಮಾತ್ರ ಕಪ್ಪು. ನೀರು ಎಲ್ಲಾದರೂ ಕಪ್ಪಗಿರುತ್ತದಾ ಎಂದು ಪಕ್ಕದವನು ಕೇಳಿದ್ದಕ್ಕೆ, ನಮ್ಮೂರಿನದು ಹಾಗೇ, ಕುಡಿಯದೆ ಬಿಟ್ಟ ಟೀ ಥರ, ಎಂದು ಅವಳು ತಲೆ ಎತ್ತದೆ ಹೇಳಿದ್ದಳು. ಎಳೆದರೆ ಹಾಳೆ ಸುಕ್ಕಾಗುತ್ತದೆಂದು ಹರಿಣಿ ಎರಡೂ ಕೈಯನ್ನು ಬೊಗಸೆಯಂತೆ ಮುಂದೊಡ್ಡಿ, ಮಶೀನು ತಾನಾಗಿ ಬಿಡಲಿ ಎಂದು ಕಾಯುತ್ತ ನಿಂತಿದ್ದಳು. ಎಲ್ಲರ ಚಿತ್ರದಲ್ಲೂ ದಡದ ಮೇಲೊಂದು ಮನೆ, ಮನೆಯ ಮುಂದೊಬ್ಬ ಮುದುಕಿ, ಮುದುಕಿಯ ಬಾಯಿಂದ ನೀರಿನ ಕಡೆ ಹೊರಟ ಗುಳ್ಳೆಗಳು. ನೀತಾಳ ಚಿತ್ರದ ಮುದುಕಿ ಸೀರೆ ಉಟ್ಟಿದ್ದಳು. ಆಮೇಲೆ ನೀತಾ ಯಾಕೋ ಹೆದರಿ ಸೆರಗಿನ ಮೇಲೆ ಕಂದು ಬಣ್ಣ ಮೆತ್ತಿದ್ದಾಳೆ; ಆದರೂ ನೆರಿಗೆಗಳು ಉಳಿದುಬಿಟ್ಟಿವೆ. ಹರಿಣಿ ಆ ಹಾಳೆಯನ್ನು ಕಟ್ಟಿನ ಕೆಳಗೆ ಸೇರಿಸಿದಳು. ಹಾಗೆ ಸೇರಿಸಿದ ತನ್ನ ಕೈಯನ್ನೇ ನೋಡಿದಳು.

"ಹರಿಣಿ! ಒಳ್ಳೇ ಸುದ್ದಿ," ಎನ್ನುತ್ತ ಕ್ಲಾಸ್ ಟೀಚರ್ ಮಿಸೆಸ್ ವಿಟ್ಲಾಕ್ ಕಾಫಿ ಮಗ್ಗಿನ ಸಮೇತ ಒಳಗೆ ಬಂದಳು. "ಇವತ್ತು ಮಧ್ಯಾಹ್ನ ಲೈಬ್ರರಿಯಲ್ಲಿ ಯಾರು ಮಾತಾಡ್ತಾರೆ ಹೇಳು. ಟೆಸ್ಸಾ! ತನ್ನ ಅಜ್ಜಿ ಹೇಳಿದ ನದಿಯ ಕತೆ ಹೇಳ್ತಾಳಂತೆ. ಅವರಮ್ಮನೂ ಶಿಫ್ಟ್ ಬದಲಾಯಿಸಿಕೊಂಡು ಬರ್ತಿದ್ದಾರೆ. ನೋಡಿಲ್ಲಿ, ನನ್ನ ಕೈಮೇಲೆ ಕೂದಲು ಹೇಗೆ ನಿಂತಿದೆ." ನಿಜಕ್ಕೂ ನಿಂತಿತ್ತು. ಅವಳು ಒಳ್ಳೆಯವಳು. ಪ್ರತಿ ನವೆಂಬರಿನಲ್ಲೂ ಈ ಶಾಲೆಯಲ್ಲಿ ಮೂಲನಿವಾಸಿಗಳ ವೇಷವೆಂದು ಮಕ್ಕಳ ತಲೆಗೆ ಕಾಗದದ ಗರಿ ಕಟ್ಟುತ್ತಿದ್ದರಂತೆ. ಈ ವರ್ಷ ಗರಿಗಿರಿ ಏನೂ ಬೇಡ, ಈ ನೆಲದ ಮೊದಲ ಜನರ ಬಗ್ಗೆ ನಿಜವಾದದ್ದನ್ನು ಕಲಿಸೋಣ ಎಂದು ಸ್ಟಾಫ್ ಮೀಟಿಂಗಿನಲ್ಲಿ ಜಗಳವಾಡಿದ್ದು ಅವಳೇ. ನಿಜವಾದದ್ದು. ಹರಿಣಿ ಬಾಯಿ ತೆರೆದಳು. "ಮಿಸೆಸ್ ವಿಟ್ಲಾಕ್, ಆ ಕತೆ..." "ಅದ್ಭುತವಾಗಿದೆ ಅಲ್ವಾ? ನಿಮ್ಮ ಕಲ್ಚರಿನಲ್ಲೂ ಇಂಥವು ಇರಬೇಕು." "ಇವೆ," ಎಂದಳು ಹರಿಣಿ. ತಲೆಯನ್ನೂ ಆಡಿಸಿದಳು. ಮಗ್ಗು ಬಾಗಿಲು ದಾಟಿ ಹೋಯಿತು.

ಆ ಕತೆ ಕ್ಲಾಸಿಗೆ ಬಂದ ದಿನ ಆದದ್ದು ಇಷ್ಟೇ. ಗೋಡೆಗೆ ಕ್ಯಾರೊಲಿನಾದ ಹಳೆಯ ನಕ್ಷೆ ತೂಗುಹಾಕಿತ್ತು; ಊರುಗಳಿಲ್ಲದ, ಬರೀ ನದಿಗಳಿರುವ ನಕ್ಷೆ. ಮಿಸೆಸ್ ವಿಟ್ಲಾಕ್, ಮೊದಲ ಜನ ಇದ್ದರು ಅನ್ನಬಾರದು, ಇದ್ದಾರೆ ಅನ್ನಬೇಕು, ಎಂದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದ್ದಳು. ಈಗ ಅವರೆಲ್ಲ ಎಲ್ಲಿದ್ದಾರೆ ಎಂದು ಕೇಳಿದಾಗ ಕ್ಲಾಸಿಗೆ ಕ್ಲಾಸೇ ನಕ್ಷೆಯಾಚೆ ಪಶ್ಚಿಮಕ್ಕೆ ಬೆರಳು ತೋರಿಸಿತು. ಆಗಸ್ಟಿನಲ್ಲಿ ಸೇರಿದಾಗಿನಿಂದ ತುಟಿ ಬಿಚ್ಚದಿದ್ದ ಟೆಸ್ಸಾ ಆಕ್ಸೆಂಡೈನ್ ನಿಧಾನವಾಗಿ ಕೈ ಎತ್ತಿ, "ಇಲ್ಲೇ. ಅಪಾರ್ಟ್‌ಮೆಂಟಲ್ಲಿ," ಎಂದಳು. ಅವಳ ಮನೆಯವರು ಲಂಬೀ ಎಂಬ ಮೂಲ ಜನ, ದಕ್ಷಿಣಕ್ಕೆ ಲಂಬರ್ ನದಿಯ ಕಡೆಯವರು. ಅಷ್ಟರಲ್ಲಿ ಆಫೀಸಿನಿಂದ ಕರೆ ಬಂದು ಮಿಸೆಸ್ ವಿಟ್ಲಾಕ್ ಪುಸ್ತಕವನ್ನು ಹರಿಣಿಯ ಕೈಗಿಟ್ಟು ಹೋದಳು. ಅಸಿಸ್ಟೆಂಟ್ ಆದವಳು ಪುಸ್ತಕದಲ್ಲಿದ್ದುದನ್ನು ಓದಬೇಕಿತ್ತು. ಓದಿದಳು, ಮುಗಿಯಿತು, ಟೀಚರ್ ಬರಲಿಲ್ಲ, ಮಕ್ಕಳು ಕಾರ್ಪೆಟ್ಟಿನ ಮೇಲೆ ಉರುಳಾಡತೊಡಗಿದರು. ಆಗ ಅವಳ ನಾಲಿಗೆ ತಾನಾಗಿ ಹೊರಳಿತು. ನಂಜನಗೂಡಿನ ಮನೆಯಲ್ಲಿ ಊಟವಾದ ಮೇಲೆ ಅಜ್ಜಿ ಚಾಪೆ ಕೊಡವಿ ಹಾಸಿ, ಬೆನ್ನು ಗೋಡೆಗೆ ಕೊಟ್ಟು, ಮೊದಲು ಕೇಳುತ್ತಿದ್ದುದು ಅದನ್ನೇ. ಈ ಕತೆ ಯಾವ ಊರಲ್ಲಾಗಲಿ, ಹೇಳಿ. ಯಾರು ಮೊದಲು ಕೂಗಿದರೋ ಅವರ ಊರು. ಮೈಸೂರು ಅಂದರೆ ರಾಕ್ಷಸ ದೇವರಾಜ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಚೌಕಾಸಿ ಮಾಡುತ್ತಿದ್ದ. ಗುಂಡ್ಲುಪೇಟೆ ಅಂದರೆ ಏಳು ಸಮುದ್ರ ದಾಟಿದ ರಾಜಕುಮಾರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದ. ನಡುನಡುವೆ ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿಯೂ ನಿಲ್ಲುತ್ತಿದ್ದಳು, ಕಾಡಿನ ನಡುವೆ ರಾಜಕುಮಾರಿಯನ್ನು ಒಂಟಿ ಬಿಟ್ಟು. ಕೇಳುವವರ ಊರಿನಲ್ಲಿ ಕತೆ ನಡೆದರೆ ತಪ್ಪಾದೀತೆಂದು ಹರಿಣಿಗೆ ಎಂದೂ ಹೊಳೆದಿರಲಿಲ್ಲ. ಹಾಗೆಂದೇ ಕಾರ್ಪೆಟ್ಟಿನ ಮೇಲಿದ್ದ ಮುಖಗಳನ್ನು ನೋಡಿ ಕೇಳಿದಳು. ಟೆಸ್ಸಾಳ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು. "ಲಂಬರ್ ನದಿ. ನಮ್ಮ ಗ್ರಾಂಡ್‌ಮಾ ಮನೆ ಹತ್ರ."

ಒಂದೂರಲ್ಲಿ, ಲಂಬರ್ ನದಿಯ ದಡದಲ್ಲಿ, ಒಬ್ಬ ಮುದುಕಿ ಇದ್ದಳು. ದಿನಾ ಸಂಜೆ ನದಿ ಅವಳ ಬಾಗಿಲಿಗೆ ಬಂದು ಅಜ್ಜಿ, ನಾನು ಎಲ್ಲಿಂದ ಹೊರಟೆ, ಎಂದು ಕೇಳುತ್ತಿತ್ತು. ಮುಂದಕ್ಕೆ ಹೋಗುವ ಭರದಲ್ಲಿ ನೀರಿಗೆ ತಾನು ಹುಟ್ಟಿದ ಜಾಗ ಮರೆತುಹೋಗುತ್ತದೆ. ಮುದುಕಿ ಒಂದೊಂದೇ ಹೇಳುತ್ತಿದ್ದಳು, ಇಂಥ ಬಂಡೆ, ಇಂಥ ಮರ, ಇಂಥ ಹಳ್ಳ. ಕೇಳಿಕೊಂಡು ನದಿ ಮುಂದೆ ಹೋಗುತ್ತಿತ್ತು. ಒಂದು ದಿನ ಮುದುಕಿಗೆ ಕೆಮ್ಮು ಹತ್ತಿ ದನಿ ಹೋಯಿತು. ನದಿ ಬಂತು, ಕೇಳಿತು, ಉತ್ತರವಿಲ್ಲ. ದಾರಿ ಮರೆತ ಹಸುವಿನ ಹಾಗೆ ಬಾಗಿಲಲ್ಲೇ ನಿಂತುಬಿಟ್ಟಿತು. ಅಲ್ಲಿ ಹರಿಣಿ ಮುಚ್ಚಿದ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಕೋವಿಡ್ಡಿನ ಎರಡನೇ ವರ್ಷ ಅಜ್ಜಿ ಮೈಸೂರಿನ ಆಸ್ಪತ್ರೆಯಲ್ಲಿ ಕೆಮ್ಮುತ್ತಿದ್ದಾಗ, ವೀಸಾ ಸ್ಟ್ಯಾಂಪಿಂಗ್ ಇಲ್ಲದೆ ಹೋದರೆ ವಾಪಸ್ ಬರುವುದು ಹೇಗೆಂದು, ಅವಳು ಇಲ್ಲೇ, ಈ ಕ್ಯಾರಿ ಊರಿನ ಮನೆಯ ಅಡಿಗೆಮನೆಯಲ್ಲಿ ಫೋನು ಹಿಡಿದು ನಿಂತಿದ್ದಳು. ಟೆಸ್ಸಾಳ ಅಜ್ಜಿಯೂ ಅದೇ ವರ್ಷ, ಅದೇ ಕೆಮ್ಮಿನಲ್ಲಿ ಹೋದದ್ದೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ಕಾರ್ಪೆಟ್ಟಿನ ಮೇಲೆ ಹುಡುಗಿ ಉಸಿರು ಹಿಡಿದು ಕೂತದ್ದಷ್ಟೇ ಕಂಡಿತು. ಆಮೇಲೇನಾಯ್ತು ಎಂದರೆ, ಇಷ್ಟು ದಿನ ಮುದುಕಿಯ ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮೊಮ್ಮಗಳಿಗೆ ಎಲ್ಲ ಬಾಯಿಗೆ ಬಂದಿತ್ತು. ಅವಳು ಹೇಳಿದಳು. ನದಿ ಹೋಯಿತು. ಟೆಸ್ಸಾ ಆ ಮಧ್ಯಾಹ್ನ ಊಟದ ಕ್ಯೂನಲ್ಲಿ ಮೊದಲ ಬಾರಿಗೆ ಪಕ್ಕದವಳ ಜೊತೆ ಮಾತಾಡಿದಳು. ಹರಿಣಿ ದೂರದಿಂದ ನೋಡಿ, ಹೊಟ್ಟೆ ತುಂಬಿದಂತಾಗಿ, ಮನೆಗೆ ಹೋಗುವಾಗ ಕಾರಿನಲ್ಲಿ ಹಾಡಿಕೊಂಡಿದ್ದಳು. ಆ ಹಾಡಿಕೊಂಡದ್ದೇ ಈಗ ಹೆಚ್ಚು ಚುಚ್ಚುತ್ತದೆ.

ಲ್ಯಾಮಿನೇಟ್ ಆದ ಹಾಳೆಗಳನ್ನು ಎದೆಗವಚಿ ಕಾರಿಡಾರಿಗೆ ಬಂದರೆ ನೀತಾ ನೀರು ಕುಡಿಯುವ ನಲ್ಲಿಯ ಹತ್ತಿರ ಕಾದಿದ್ದಳು. ಅವಳ ಮನೆಯವರು ಹರಿಣಿಯ ಬೀದಿಯವರೇ; ಅವಳಿಗೆ ಹರಿಣಿ ಶನಿವಾರ ಭಾನುವಾರ ಆಂಟಿ, ಉಳಿದ ದಿನ ಮಿಸ್ ಹರಿಣಿ. ಇವತ್ತು ಶುಕ್ರವಾರವಾದರೂ ನೀತಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಹರಿಣಿ ಆಂಟಿ, ಆ ಸ್ಟೋರಿ ನೀವು ನನ್ ಬರ್ತ್‌ಡೇಲಿ ಹೇಳಿದ್ರಿ ಅಲ್ವಾ? ಬಟ್ ಅವಾಗ ಅದು ನಮ್ಮನೆ ಹಿಂದೆ ಕ್ರೀಕ್ ಇತ್ತು."

"ಹೌದು ಪುಟ್ಟಾ."

"ಆ ಓಲ್ಡ್ ಲೇಡೀನ ನಮ್ ಅಜ್ಜಿ ಮಾಡಿದ್ರಿ. ಸೋ ಇಟ್ಸ್ ನಾಟ್ ಟೆಸ್ಸಾಸ್."

ಹರಿಣಿ ಎದೆಗವಚಿದ್ದ ಹಾಳೆಗಳ ಅಂಚು ಸರಿಮಾಡಿದಳು. ನೀತಾ ದೊಡ್ಡವರ ಹಾಗೆ ಅವಳ ಮೊಣಕೈ ತಟ್ಟಿದಳು. "ಇಟ್ಸ್ ಓಕೆ, ಆಂಟಿ. ಐ ವೋಂಟ್ ಟೆಲ್," ಎಂದು ತುಟಿಗೆ ಜಿಪ್ ಎಳೆದುಕೊಂಡು ಕುಣಿಯುತ್ತ ಕ್ಲಾಸಿಗೆ ಹೋದಳು. ಮಗುವಿನಿಂದ ಕ್ಷಮೆ ಸಿಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಸಿಕ್ಕಿದ್ದು ಕ್ಷಮೆಯಲ್ಲ, ಜೊತೆ. ಕಳ್ಳತನಕ್ಕೆ ಕಾವಲು ನಿಂತವಳ ಜೊತೆ.

ಊಟದ ಬಿಡುವಿನಲ್ಲಿ ಪಾರ್ಕಿಂಗ್ ಲಾಟಿಗೆ ಹೋಗಿ, ಕಾರಿನ ಗಾಜು ಏರಿಸಿ, ಗಂಡನಿಗೆ ಫೋನು ಮಾಡಿದಳು. "ಬೇಗ ಹೇಳೇ, ಕಾಲ್‌ನಲ್ಲಿದೀನಿ, ಮ್ಯೂಟ್ ಮಾಡಿದೀನಿ," ಎಂದ ಸಮರ್ಥ್.

"ಆ ನದಿ ಕತೆ ಇದ್ಯಲ್ಲ, ನಮ್ಮಜ್ಜಿದು. ಅದನ್ನ ಆ ಹುಡುಗಿ ಅವಳ ಅಜ್ಜಿ ಕತೆ ಅಂತ ಎಲ್ರ ಮುಂದೆ ಹೇಳ್ತಾಳಂತೆ ಕಣೋ. ಇವತ್ತೇ."

"ಹೇಳ್ಲಿ ಬಿಡು. ನಿಮ್ಮಜ್ಜಿ ಏನ್ ಪೇಟೆಂಟ್ ಮಾಡ್ಸಿದ್ರಾ?"

"ತಮಾಷೆ ಅಲ್ಲ. ಅದು ಅವರ ಜನದ್ದು ಅನ್ಕೊಂಡಿದಾರೆ. ನಾನೇ ಹಂಗೆ ಹೇಳ್ಬಿಟ್ಟೆ."

ಆಚೆ ಕಡೆ ಮ್ಯೂಟ್ ತೆಗೆದು, "ಯಾ, ಸೌಂಡ್ಸ್ ಗುಡ್," ಎಂದು ಯಾರಿಗೋ ಹೇಳಿ ಸಮರ್ಥ್ ಮತ್ತೆ ಬಂದ. "ನೋಡು ಹರಿಣಿ, ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್ ಪೆಂಡಿಂಗ್ ಇದೆ. ಇದೆಲ್ಲ ಇಲ್ಲಿ ಎಷ್ಟು ಸೆನ್ಸಿಟಿವ್ ಅಂತ ಗೊತ್ತಲ್ಲ. ಸುಮ್ನೆ ನಗ್ತಾ ಚಪ್ಪಾಳೆ ತಟ್ಟಿ ಮನೆಗೆ ಬಾ. ಮಗು ಖುಷಿಯಾಗಿದೆ, ಟೀಚರ್ ಖುಷಿಯಾಗಿದಾರೆ, ಯಾರಿಗೇನ್ ನಷ್ಟ? ಮತ್ತೆ, ಬರ್ತಾ ಕೊತ್ತಂಬರಿ ಸೊಪ್ಪು ತಗೊಂಬಾ." ಯಾರಿಗೇನು ನಷ್ಟ. ಕಾರಿನ ಬಿಸಿಲಿನಲ್ಲಿ ಕೂತು ಅವಳು ಪ್ರಾಮಾಣಿಕವಾಗಿ ಹುಡುಕಿದಳು. ಹುಡುಗಿ ಬಾಯಿ ಬಿಟ್ಟಿದ್ದಾಳೆ, ಅದು ಲಾಭವೇ. ಈಗ ನಿಜ ಹೇಳಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಈ ಸಲ ಹರಿಣಿಯ ಕೈಯಿಂದಲೇ. ಹೇಳದಿದ್ದರೆ ಆ ಹುಡುಗಿ ದೊಡ್ಡವಳಾಗಿ, ತನ್ನ ಮಕ್ಕಳನ್ನು ಆ ಕಪ್ಪು ನೀರಿನ ಹತ್ತಿರ ಕೂರಿಸಿಕೊಂಡು, ನಮ್ಮವರು ಹೀಗೆ ಹೇಳುತ್ತಿದ್ದರು ಎನ್ನುತ್ತಾಳೆ. ಆ ನಮ್ಮವರು ಎಂಬ ಮಾತಿನೊಳಗೆ ಸೀರೆಯುಟ್ಟ ಯಾರೋ ಒಬ್ಬಳು ಬಂದು ಕೂತಿರುತ್ತಾಳೆ, ಕೇಳದೆ, ಚಪ್ಪಲಿ ಬಿಡದೆ.

ಫ್ರಂಟ್ ಆಫೀಸಿನ ಎದುರಿನ ಬೆಂಚಿನ ಮೇಲೆ ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಬಂದ ಹೆಂಗಸೊಬ್ಬಳು ಎದೆಗೆ ವಿಸಿಟರ್ ಸ್ಟಿಕ್ಕರ್ ಅಂಟಿಸಿಕೊಂಡು ಕೂತಿದ್ದಳು. ಟೆಸ್ಸಾಳ ಹುಬ್ಬು, ಟೆಸ್ಸಾಳ ಗಲ್ಲ. ಅಷ್ಟು ಕಂಡ ಮೇಲೂ ಹರಿಣಿಯ ಕಣ್ಣು ಆ ಮುಖದಲ್ಲಿ ಮೊದಲ ಜನರ ಇನ್ನೇನೋ ಗುರುತನ್ನು ತಡಕಾಡುತ್ತಿತ್ತು. "ಸಿಕ್ಕಿತಾ?" ಎಂದಳು ಆಕೆ ನಗುತ್ತ. "ಎಲ್ಲರೂ ಹುಡುಕ್ತಾರೆ. ಅಭ್ಯಾಸ ಆಗಿದೆ. ನೀವು ಮಿಸ್ ಹರಿಣಿ ತಾನೆ? ಮನೆಯಲ್ಲಿ ನಿಮ್ಮದೇ ಮಾತು." ಹರಿಣಿ ಪಕ್ಕದಲ್ಲಿ ಕೂತಳು.

"ಒಂದು ವಿಷಯ ಕೇಳಲಾ?" ಎಂದು ಆಕೆಯೇ ಶುರುಮಾಡಿದಳು. "ನಮ್ಮಮ್ಮ ಈ ಕತೆ ಅವಳಿಗೆ ಯಾವಾಗ ಹೇಳಿದಳು ಅಂತ ಯೋಚಿಸ್ತಾನೇ ಇದ್ದೀನಿ. ನನಗಂತೂ ಹೇಳಿದ್ದು ಇಷ್ಟೇ, ಬಾಗಿಲು ಹಾಕ್ಕೋ, ಲೈಟು ಆರಿಸು. ಮಿಲ್ಲಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ಬಂದು ಟೀವಿಯಲ್ಲಿ ಕುಸ್ತಿ ನೋಡ್ತಿದ್ದಳು. ಮೊಮ್ಮಗಳಿಗೋಸ್ಕರ ಉಳಿಸಿಟ್ಟಿದ್ದಳಾ ಅಂತ, ನಿಜ ಹೇಳ್ತೀನಿ, ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹೋದ ಭಾನುವಾರ ಊರಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಟೆಸ್ಸಾ ಹೇಳಿದಳು. ನಮ್ಮ ದೊಡ್ಡಮ್ಮ ಅತ್ತುಬಿಟ್ಟಳು. ಹೌದು, ಹೌದು, ನನಗೂ ನೆನಪಿದೆ, ಪೋರ್ಚಿನಲ್ಲಿ ಕೂತು ಹೇಳ್ತಿದ್ದಳು ಅಂದಳು."

ದೊಡ್ಡಮ್ಮನಿಗೆ ನೆನಪಿದೆ. ಹರಿಣಿ ಕಾರಿನಲ್ಲಿ ಎಣಿಸಿದ್ದ ನಷ್ಟದಲ್ಲಿ ಇದು ಇರಲಿಲ್ಲ. "ಅದು ನಿಮ್ಮಮ್ಮ ಹೇಳಿದ್ದಲ್ಲ," ಎಂದಳು. ಇಂಗ್ಲಿಷು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯವಾಯಿತು. "ನಾನು ಹೇಳಿದ್ದು. ಕ್ಲಾಸಿನಲ್ಲಿ. ಟೆಸ್ಸಾ ನದಿಯ ಹೆಸರು ಹೇಳಿದಳು, ನಾನು ಕತೆಯನ್ನ ಅಲ್ಲಿ ಇಟ್ಟೆ. ನಮ್ಮ ಮನೆಯಲ್ಲಿ ಹಾಗೆ ಹೇಳೋ ರೂಢಿ."

ಆಕೆ ಬಹಳ ಹೊತ್ತು ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಕೆರೆದಳು. "ನಮ್ಮ ಬಗ್ಗೆ ಕತೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ," ಎಂದಳು ಕೊನೆಗೆ, ದನಿ ಏರಿಸದೆ. "ನಾವು ನಿಜವಾಗಿ ನಾವು ಹೌದೋ ಅಲ್ಲವೋ ಅಂತಲೂ ಅವರೇ ತೀರ್ಮಾನ ಮಾಡ್ತಾರೆ. ಈಗ ದೊಡ್ಡಮ್ಮನಿಗೆ ನಾನೇನು ಹೇಳಲಿ? ನೆನಪಿರೋದನ್ನ ಮರೆತುಬಿಡು ಅಂತಲಾ?" ಆಮೇಲೆ, ಸುಮ್ಮನೆ ಕೇಳಬೇಕೆಂದು ಕೇಳಿದಂತೆ, "ನಿಮ್ಮ ಕತೆ ಅನ್ನಿ ಹಾಗಾದರೆ."

"ನಮ್ಮ ಅಜ್ಜಿಯದು."

"ಅವರಿಗೆ ಯಾರು ಹೇಳಿದ್ದು?"

ಯಾರೂ ಇಲ್ಲ, ಅಜ್ಜಿಯದೇ, ಎನ್ನಲು ಬಾಯಿ ತೆರೆದ ಹರಿಣಿಗೆ ಹೂಂ ಎಂಬ ಸದ್ದು ಕೇಳಿಸಿತು. ತನ್ನದಲ್ಲ, ಅಜ್ಜಿಯದು. ಅಜ್ಜಿ ಹೊಸ್ತಿಲೊಳಗೆ ಕೂತು ಹೂಂಗುಟ್ಟುತ್ತಿದ್ದಾಳೆ. ಹೊಸ್ತಿಲಾಚೆ ಜಗಲಿಯ ಮೂಲೆಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಜೇನು, ಸೀಗೆಕಾಯಿ, ಅಂಟುವಾಳ ತರುತ್ತಿದ್ದ ಸೋಲಿಗರ ಹೆಂಗಸು. ಜೇನು ತರುವುದರಿಂದ ಮನೆಯಲ್ಲಿ ಎಲ್ಲರ ಬಾಯಲ್ಲೂ ಜೇನಮ್ಮ. ಅವಳ ದನಿ ಕೆಳಗೆ, ಒಂದೇ ಸಮ, ನೀರು ಎಲ್ಲಿಂದ ಹೊರಟಿತೆಂದು ಒಂದೊಂದೇ ಬಂಡೆ, ಒಂದೊಂದೇ ಮರ ಹೇಳುತ್ತ ಹೋಗುತ್ತಿದೆ. ಬಾಗಿಲ ಹಿಂದೆ ಲಂಗದ ಹುಡುಗಿ, ಪುಟ್ಟ ಹರಿಣಿ, ಬೆರಳಿನಲ್ಲಿ ಜೇನು ನೆಕ್ಕುತ್ತಿದ್ದಾಳೆ. ಆ ರಾತ್ರಿ ಚಾಪೆಯ ಮೇಲೆ ಅದೇ ನದಿ ಕಪಿಲೆಯಾಗಿ ನಂಜನಗೂಡಿಗೆ ಬಂತು. ಇದೂ ಈಗ ನಾನು ಕಟ್ಟಿಕೊಂಡದ್ದಿರಬಹುದೇ ಎಂದು ಹರಿಣಿ ತನ್ನನ್ನೇ ಹಿಡಿದು ಕೇಳಿದಳು. ದೊಡ್ಡಮ್ಮನಿಗೆ ಪೋರ್ಚು ನೆನಪಾದ ಹಾಗೆ. ಆದರೆ ಕತೆ ಮುಗಿದ ಮೇಲೆ ಅಜ್ಜಿ ಒಳಗಿನಿಂದ ಕಾಫಿ ತಂದು, ಜೇನಮ್ಮ ಎತ್ತಿ ಹಿಡಿದ ಲೋಟಕ್ಕೆ ಮುಟ್ಟದಂತೆ ಮೇಲಿನಿಂದ ಸುರಿದಳು. ಒಂದಿಷ್ಟು ಅವಳ ಬೆರಳ ಮೇಲೆ ಬಿತ್ತು. ಅವಳು ಬೆರಳು ಕೊಡವಿ ನಕ್ಕಳು. ಹರಿಣಿ ಕಟ್ಟುವ ಕತೆಗಳಲ್ಲಿ ಎಂದೂ ಯಾರೂ ಯಾರಿಗೂ ಹಾಗೆ ಕಾಫಿ ಸುರಿದದ್ದಿಲ್ಲ.

ಗಂಟೆ ಬಾರಿಸಿತು. ಕಾರಿಡಾರು ಮಕ್ಕಳಿಂದ ತುಂಬಿತು. "ಅವಳಿಗೆ ನೀವೇ ಹೇಳಿ," ಎಂದು ಟೆಸ್ಸಾಳ ತಾಯಿ ಎದ್ದು ನಿಂತಳು. "ನಾನು ಹೇಳಲ್ಲ. ಊರು ಬಿಡಿಸಿದೆ, ಶಾಲೆ ಬಿಡಿಸಿದೆ, ಕಸಿನ್‌ಗಳನ್ನ ಬಿಡಿಸಿದೆ. ಇದನ್ನೂ ನಾನೇ ಕಿತ್ತುಕೊಳ್ಳಲಾರೆ."

ಟೆಸ್ಸಾ ಲೈಬ್ರರಿಯ ಬಾಗಿಲ ಹತ್ತಿರ ಒಬ್ಬಳೇ ತುಟಿಯಾಡಿಸುತ್ತ ನಿಂತಿದ್ದಳು. ಹೊಸ ಸ್ಕರ್ಟು, ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಹರಿಣಿ ಅವಳೆದುರು ಮೊಣಕಾಲೂರಿ ಕೂತು ಹೇಳಿದಳು. ಮೆತ್ತಗೆ ಹೇಳಬೇಕೆಂದುಕೊಂಡದ್ದು ಒರಟಾಗಿಯೇ ಬಂತು. ಬಣ್ಣ ಹಚ್ಚಲು ಹೋದರೆ ಮತ್ತೊಂದು ಕತೆಯಾಗುತ್ತದೆಂಬ ಭಯ. ಹುಡುಗಿ ಅಳಲಿಲ್ಲ. "ಗ್ರಾಂಡ್‌ಮಾ ಹೇಳಿಲ್ಲ ಅಂತ ನನಗೆ ಗೊತ್ತು," ಎಂದಳು, ನೆಲ ನೋಡುತ್ತ. "ಮಿಸೆಸ್ ವಿಟ್ಲಾಕ್ ಕೇಳ್ತಾನೇ ಇದ್ದರು, ನಿಮ್ಮ ಅಜ್ಜಿ ಯಾವ ಕತೆ ಹೇಳ್ತಿದ್ದರು, ಯಾವ ಕತೆ ಹೇಳ್ತಿದ್ದರು ಅಂತ. ಏನೂ ಇಲ್ಲ ಅಂದ್ರೆ ಪಾಪ ಅವರ ಮುಖ ಒಂಥರಾ ಆಗ್ತಿತ್ತು." ಸ್ವಲ್ಪ ತಡೆದು, "ಆದ್ರೆ ನಮ್ಮ ನದೀದು ಅನ್ಕೊಂಡಿದ್ದೆ. ಅದಾದ್ರೂ ನಿಜ ಅನ್ಕೊಂಡಿದ್ದೆ." ಹರಿಣಿ ಅವಳ ಕೈ ಹಿಡಿಯಲು ಹೋದಳು. ಟೆಸ್ಸಾ ಕೈಯನ್ನು ಹಿಂದೆ ಕಟ್ಟಿಕೊಂಡು ಒಳಗೆ ನಡೆದಳು.

ಲೈಬ್ರರಿಯಲ್ಲಿ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಅಪ್ಪಂದಿರ ಫೋನುಗಳು ಆಗಲೇ ಮೇಲೆದ್ದಿದ್ದವು. ಮಿಸೆಸ್ ವಿಟ್ಲಾಕ್ ಎರಡು ಮಾತಾಡಿ, ಕಣ್ಣೊರೆಸಿಕೊಂಡು, ಟೆಸ್ಸಾಳ ಬೆನ್ನು ನೇವರಿಸಿ ಪಕ್ಕಕ್ಕೆ ಸರಿದಳು. ಹುಡುಗಿ ಸ್ಕರ್ಟಿನ ಇಸ್ತ್ರಿಯ ಗೆರೆಯನ್ನೇ ಬೆರಳಿನಿಂದ ತೀಡುತ್ತ ನಿಂತಳು. ಮುಗಿಯಿತು, ಮುಚ್ಚಿಕೊಂಡಳು, ಎಂದುಕೊಂಡಳು ಹರಿಣಿ, ಬಾಗಿಲಿಗೆ ಒರಗಿ.

"ನಮ್ಮ ಗ್ರಾಂಡ್‌ಮಾ ಕಾಲರ್ಡ್ ಸೊಪ್ಪಿನ ಸ್ಯಾಂಡ್‌ವಿಚ್ ಮಾಡ್ತಿದ್ದಳು," ಎಂದಳು ಟೆಸ್ಸಾ. "ಮೆಕ್ಕೆಜೋಳದ ರೊಟ್ಟಿ ಎಣ್ಣೆಯಲ್ಲಿ ಕರಿದು, ನಡುವೆ ಸೊಪ್ಪು. ಸೊಪ್ಪು ತೊಳೆಯೋವಾಗ ಮಾತಾಡಿದ್ರೆ ಬೈತಿದ್ದಳು, ಮರಳು ಉಳಿಯುತ್ತೆ ಅಂತ. ನನ್ನ ಕಾಲು ನೋಡಿ ಇದು ನಮ್ಮ ಕಡೆ ಕಾಲು ಅಂತಿದ್ದಳು." ಯಾರೋ ಒಬ್ಬರು ನಕ್ಕು, ನಗಬಾರದೇನೋ ಎಂದು ನಿಲ್ಲಿಸಿದರು. "ಅವಳು ಕತೆ ಹೇಳ್ತಿರಲಿಲ್ಲ. ಅಷ್ಟೇ." ಎತ್ತಿ ಹಿಡಿದಿದ್ದ ಒಂದೆರಡು ಫೋನುಗಳು ಕೆಳಗಿಳಿದವು. ಹಿಂದಿನ ಸಾಲಿನಲ್ಲಿ ನೀಲಿ ಬಟ್ಟೆಯ ತಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುವೋ ನಗುವೋ ತಿಳಿಯುತ್ತಿರಲಿಲ್ಲ.

"ಆ ನದಿಯ ಕತೆ, ಡಿಯರ್?" ಮಿಸೆಸ್ ವಿಟ್ಲಾಕ್ ಮುಂದೆ ಬಾಗಿ ನೆನಪಿಸಿದಳು.

"ಅದು ನಂದಲ್ಲ. ಮಿಸ್ ಹರಿಣೀನ ಕೇಳಿ."

ಎಲ್ಲ ತಲೆಗಳೂ ಬಾಗಿಲಿನ ಕಡೆ ತಿರುಗಿದವು. ಕೆಲಸ, ವರ್ಕ್ ಪರ್ಮಿಟ್, ಸಮರ್ಥನ ಮುಖ, ಎಲ್ಲ ಒಂದು ಕ್ಷಣ ಎದ್ದು ನಿಂತು ಹಾಗೇ ಕೂತವು. ಹರಿಣಿ ಹೇಳಿದಳು: ಆ ಕತೆಗೂ ಲಂಬರ್ ನದಿಗೂ ಸಂಬಂಧವಿಲ್ಲ, ಸೇರಿಸಿದವಳು ನಾನು, ಅದು ತಪ್ಪು. ನನಗೆ ಹೇಳಿದ್ದು ನನ್ನ ಅಜ್ಜಿ. ಅಜ್ಜಿಗೆ ಹೇಳಿದ್ದು, ನನಗೆ ನೆನಪಿರುವ ಮಟ್ಟಿಗೆ, ಬೆಟ್ಟದ ಕಾಡಿನಿಂದ ಜೇನು ಮಾರಲು ಬರುತ್ತಿದ್ದ ಒಬ್ಬ ಹೆಂಗಸು. ಸೋಲಿಗರು ಎಂಬ ಜನ. ಅವಳ ನದಿ ಯಾವುದೋ, ನಾವು ಅದರ ಹೆಸರನ್ನೂ ಬದಲಾಯಿಸಿದೆವು.

"ಅವರ ಹೆಸರೇನು?" ಹಿಂದಿನ ಸಾಲಿನಿಂದ ಟೆಸ್ಸಾಳ ತಾಯಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ, ತಿಳಿದುಕೊಳ್ಳಲು.

ಹೆಸರುಗಳು ಬಂದವು. ಮಾದಮ್ಮ, ಕೇತಮ್ಮ, ಜಡೆಮಾದಮ್ಮ. ಒಂದಕ್ಕಿಂತ ಒಂದು ಚೆಂದ, ಕಾಡಿನ ವಾಸನೆಯವು, ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಯಾವುದನ್ನು ಹೇಳಿದರೂ ಈ ಕೋಣೆಯಲ್ಲಿ ಅಲ್ಲವೆನ್ನುವವರಿಲ್ಲ. ಟೆಸ್ಸಾ ಮುಖವೆತ್ತಿ ಅವಳನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ," ಎಂದಳು ಹರಿಣಿ. "ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ."